ವರ್ಷದ ರೊಕ್ಕ ಬೇರೆ, ತಿಂಗಳ ರೊಕ್ಕ ಬೇರೆ: ವಿದೇಶದಲ್ಲಿ ಓದುವವರ ಖರ್ಚಿನ ಲೆಕ್ಕ

2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಯೂರೋ ಅದಕ್ಕೂ ಮೊದಲೇ 100 ದಾಟಿತ್ತು. ಅದೇ ಸುಮಾರಿಗೆ ವಿದ್ಯಾರ್ಥಿ ವೀಸಾಗೆ ತೋರಿಸಬೇಕಾದ ಮೊತ್ತವನ್ನು ಸೆಪ್ಟೆಂಬರ್‌ನಲ್ಲಿ ಕೆನಡಾ, ನವೆಂಬರ್‌ನಲ್ಲಿ ಬ್ರಿಟನ್ ಏರಿಸಿದವು. ಒಂದು ಕಡೆ ಕೇಳುವ ಮೊತ್ತ ಏರಿತು, ಇನ್ನೊಂದು ಕಡೆ ಕೊಡುವ ರೂಪಾಯಿ ಸಣ್ಣದಾಯಿತು. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಮಕ್ಕಳನ್ನು ಹೊರಗೆ ಕಳಿಸಲು ಹೊರಟವರು ಹಳೇ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡಬೇಕಾಗಿದೆ.

ಮನೆಯ ಹಿರಿಯರು ಕೇಳುವುದು ಒಂದೇ ಪ್ರಶ್ನೆ: "ತಿಂಗಳಿಗೆ ಎಷ್ಟು ರೊಕ್ಕ ಬೇಕಾಗ್ತದ್ರೀ?" ಸಿಗುವ ಉತ್ತರ ಮಾತ್ರ "ಒಟ್ಟು 20-25 ಲಕ್ಷ ಹಿಡ್ಕೊಳ್ರಿ". ಕೇಳಿದ್ದು ತಿಂಗಳದ್ದು, ಹೇಳಿದ್ದು ಒಟ್ಟು ಮೊತ್ತ. ತೊಂದರೆ ಶುರುವಾಗುವುದೇ ಇಲ್ಲಿ. ಒಟ್ಟು ಮೊತ್ತ ಸರಿಯಾಗಿಯೇ ಇರಬಹುದು, ಆದರೆ ಯಾವ ತಿಂಗಳು ಎಷ್ಟು ಕೈಯಲ್ಲಿರಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ದುಡ್ಡು ಇದ್ದೂ ಹುಡುಗ ಪರದಾಡುತ್ತಾನೆ.

ಇಲ್ಲಿ ಜರ್ಮನಿಯನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ, ಹಾಗಾಗಿ ಖರ್ಚು ಅಂದರೆ ಹೆಚ್ಚುಕಡಿಮೆ ಬದುಕುವ ಖರ್ಚೇ. (ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಶುಲ್ಕ ಶುರು ಮಾಡಿದೆ. ಅರ್ಜಿ ಹಾಕುವ ಮೊದಲೇ ಇದನ್ನು ನೋಡಿಕೊಳ್ಳಿ.) ಲೆಕ್ಕ ಸುಲಭವಾಗಲಿ ಅಂತ ಒಂದು ಯೂರೋಗೆ 100 ರೂಪಾಯಿ, ಒಂದು ಪೌಂಡ್‌ಗೆ 120 ರೂಪಾಯಿ ಹಿಡಿಯೋಣ. ನಿಜವಾದ ದರ ದಿನದಿನಕ್ಕೂ ಬದಲಾಗುತ್ತದೆ.

ವೀಸಾಗೆ ತೋರಿಸುವ ದುಡ್ಡು ಅಂದರೇನು?

ಓದಲು ಬರುವವನು ಅರ್ಧದಲ್ಲಿ ದುಡ್ಡಿಲ್ಲದೆ ಬೀದಿಗೆ ಬೀಳಬಾರದು ಅಂತ ಪ್ರತಿ ದೇಶವೂ ಒಂದು ಕನಿಷ್ಠ ಮೊತ್ತ ನಿಗದಿ ಮಾಡುತ್ತದೆ. ಅಷ್ಟು ಹಣ ಇದೆ ಅಂತ ಕಾಗದದಲ್ಲಿ ತೋರಿಸಿದರೆ ಮಾತ್ರ ವೀಸಾ.

ಜರ್ಮನಿಯಲ್ಲಿ ಇದು 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ, ಅಂದರೆ ಸುಮಾರು 12 ಲಕ್ಷ ರೂಪಾಯಿ. ಬ್ರಿಟನ್‌ನಲ್ಲಿ ಲಂಡನ್‌ಗೆ ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗೆ 1,171 ಪೌಂಡ್, ಗರಿಷ್ಠ ಒಂಬತ್ತು ತಿಂಗಳಿಗೆ. ಲಂಡನ್ ಹೊರಗಿನ ಲೆಕ್ಕ ಒಟ್ಟು 10,539 ಪೌಂಡ್ ಆಗುತ್ತದೆ, ಹತ್ತಿರಹತ್ತಿರ 12 ಲಕ್ಷ 65 ಸಾವಿರ ರೂಪಾಯಿ. ಕಟ್ಟದೆ ಉಳಿದಿರುವ ಕಾಲೇಜು ಫೀ ಇದರ ಮೇಲೆ. ಈ ಹಣ ಸತತ 28 ದಿನ ಖಾತೆಯಲ್ಲಿ ಕೂತಿರಬೇಕು, ಒಂದೇ ಒಂದು ದಿನ ಕಡಿಮೆಯಾದರೂ ಅರ್ಜಿ ಬೀಳಬಹುದು. ಕೆನಡಾದಲ್ಲಿ ಫೀ ಬಿಟ್ಟು 22,895 ಕೆನಡಿಯನ್ ಡಾಲರ್. ಆಸ್ಟ್ರೇಲಿಯಾದಲ್ಲಿ 2024ರ ಮೇ ತಿಂಗಳಿಂದ 29,710 ಆಸ್ಟ್ರೇಲಿಯನ್ ಡಾಲರ್. ಐರ್ಲೆಂಡ್‌ನಲ್ಲಿ 10,000 ಯೂರೋ.

ಈ ಅಂಕಿಗಳನ್ನು ನೋಡಿದವರು "ಓ, ವರ್ಷಕ್ಕೆ ಇಷ್ಟೇ ಖರ್ಚು" ಅಂದುಕೊಳ್ಳುತ್ತಾರೆ. ಅಲ್ಲ. ಇದು ಒಳಗೆ ಬಿಡಲು ಸರ್ಕಾರ ಇಟ್ಟಿರುವ ಕನಿಷ್ಠ ಮಟ್ಟ. ಯಾವ ಊರಲ್ಲಿ ಇರುತ್ತೀರಿ ಅನ್ನುವುದನ್ನು (ಬ್ರಿಟನ್ ಲಂಡನ್ನನ್ನು ಬೇರೆ ಮಾಡಿರುವುದು ಬಿಟ್ಟರೆ) ಅದು ಕೇಳುವುದೇ ಇಲ್ಲ.

ಬ್ಲಾಕ್ಡ್ ಅಕೌಂಟ್ ಹೇಗೆ ಕೆಲಸ ಮಾಡುತ್ತದೆ?

ಜರ್ಮನಿಗೆ ಹೋಗುವವರು ಮೊದಲು ಕೇಳುವ ಹೆಸರು ಇದು. ಜರ್ಮನ್ ಭಾಷೆಯಲ್ಲಿ ಸ್ಪೆರ್‌ಕೊಂಟೊ. ವರ್ಷದ ಪೂರ್ತಿ 11,904 ಯೂರೋವನ್ನು ನೀವು ಇಲ್ಲಿಂದಲೇ ಮುಂಚಿತವಾಗಿ ಆ ಖಾತೆಗೆ ಕಟ್ಟಬೇಕು. ಹಣ ನಿಮ್ಮದೇ, ಆದರೆ ಬೇಕಾದಾಗ ಬೇಕಾದಷ್ಟು ತೆಗೆಯುವಂತಿಲ್ಲ. ತಿಂಗಳಿಗೆ 992 ಯೂರೋ ಮಾತ್ರ ಹೊರಗೆ ಬರುತ್ತದೆ.

ಸುರಪುರ, ಶಹಾಪುರ ಕಡೆಯ ರೈತರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ನಾರಾಯಣಪುರದ ಬಸವಸಾಗರ ತುಂಬಿರುತ್ತದೆ, ಆದರೆ ಎಡದಂಡೆ ಕಾಲುವೆಗೆ ನೀರು ಬರುವುದು ವಾರಾಬಂದಿ ಲೆಕ್ಕದಲ್ಲಿ. ಸರದಿ ಬಂದಾಗ ಗೇಟು ತೆಗೆಯುತ್ತದೆ, ಆಮೇಲೆ ಮುಚ್ಚುತ್ತದೆ. ನಿಮ್ಮ ಹೊಲ ಇವತ್ತೇ ಒಣಗುತ್ತಿದೆ ಅಂತ ಗೇಟು ಎರಡು ದಿನ ಮೊದಲು ತೆರೆಯುವುದಿಲ್ಲ.

ಕೆನಡಾದ ಬ್ಯಾಂಕಿನಲ್ಲಿ ಇಡುವ ಜಿಐಸಿ ಅನ್ನುವ ಠೇವಣಿಯೂ ಇದೇ ಜಾತಿಯದು. ಒಂದಷ್ಟು ಹಣ ಹೋದ ಕೂಡಲೇ ಸಿಗುತ್ತದೆ, ಉಳಿದದ್ದು ಕಂತಿನಲ್ಲಿ. ಬ್ರಿಟನ್, ಐರ್ಲೆಂಡ್‌ನಲ್ಲಿ ಇಂಥ ಗೇಟು ಇಲ್ಲ. ಅಲ್ಲಿ ತೋರಿಸಿದ ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ. ಕೇಳಲು ಚೆಂದ, ಆದರೆ ವೀಸಾಗಾಗಿ ಅವರಿವರ ಹತ್ತಿರ ಕೈಗಡ ತಂದು 28 ದಿನ ಇಟ್ಟು ವಾಪಸ್ ಕೊಟ್ಟುಬಿಡುವ ಅಪಾಯವೂ ಇಲ್ಲೇ ಜಾಸ್ತಿ. ಕಾಗದದಲ್ಲಿ 12 ಲಕ್ಷ ಇತ್ತು, ವಿಮಾನ ಹತ್ತುವಾಗ ಕೈಯಲ್ಲಿ ಎರಡು ಲಕ್ಷ ಅನ್ನುವ ಪರಿಸ್ಥಿತಿ ಹುಟ್ಟುವುದು ಹೀಗೆ.

992 ಯೂರೋ ಎಲ್ಲಿಂದ ಬಂತು?

ಈ ಅಂಕಿ ಯಾರೋ ಸುಮ್ನೆ ಬರೆದದ್ದಲ್ಲ. ಜರ್ಮನಿ ತನ್ನದೇ ಬಡ ವಿದ್ಯಾರ್ಥಿಗಳಿಗೆ ಬಾಫ್ಯೊಗ್ ಅನ್ನುವ ಸಹಾಯಧನ ಕೊಡುತ್ತದೆ. ಅದರ ಗರಿಷ್ಠ ಮೊತ್ತ ತಿಂಗಳಿಗೆ 992 ಯೂರೋ. ವೀಸಾಗೆ ಅದನ್ನೇ ಅಳತೆಗೋಲು ಮಾಡಿದ್ದಾರೆ. ಅದರೊಳಗೆ ಮೂರು ಪಾಲಿದೆ: ದಿನನಿತ್ಯದ ಖರ್ಚಿಗೆ 475, ಬಾಡಿಗೆಗೆ 380, ಆರೋಗ್ಯ ಮತ್ತು ಆರೈಕೆ ವಿಮೆಗೆ 137.

ಈ ಮೂರು ಪಾಲನ್ನು ಬಿಡಿಸಿ ನೋಡಿದರೆ ಎಲ್ಲಿ ಹರಿದುಹೋಗುತ್ತದೆ ಅನ್ನುವುದು ಗೊತ್ತಾಗುತ್ತದೆ. ವಿಮೆ ಕಡ್ಡಾಯ, ಮೂವತ್ತರೊಳಗಿನ ವಿದ್ಯಾರ್ಥಿಗಳಿಗೆ ಸರ್ಕಾರಿ ವಿಮೆಯಲ್ಲಿ ರಿಯಾಯಿತಿ ದರ ಇದೆ, ಆದರೂ ಈಗ ಅದು 150 ಯೂರೋ ಆಸುಪಾಸಿನಲ್ಲಿದೆ. ಅದರಲ್ಲಿ ಕಡಿಮೆ ಮಾಡಲು ಜಾಗವೇ ಇಲ್ಲ. ಬಾಡಿಗೆಯ 380ರಲ್ಲಿ ಕೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನಾವ್‌ನಂಥ ಪೂರ್ವ ಭಾಗದ ಊರುಗಳಲ್ಲಿ ವಿದ್ಯಾರ್ಥಿ ನಿಲಯದ ರೂಮು ಸಿಗುತ್ತದೆ. ಮ್ಯೂನಿಕ್‌ನಲ್ಲಿ ಖಾಸಗಿ ರೂಮನ್ನು 380ಕ್ಕೆ ಹುಡುಕುವುದು ಕನಸಿನ ಮಾತು. ಅಲ್ಲಿ 700, 800 ಕೇಳುವುದು ಸಾಮಾನ್ಯ. ಬಾಡಿಗೆಗೇ 400 ಯೂರೋ ಹೆಚ್ಚು ಹೋದರೆ ಊಟಕ್ಕೆ, ಫೋನಿಗೆ, ಬಟ್ಟೆಗೆ ಉಳಿಯುವುದು ಎಪ್ಪತ್ತು ಎಂಬತ್ತು ಯೂರೋ ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಖರ್ಚಿನ ಅತಿ ದೊಡ್ಡ ತೀರ್ಮಾನ ಆಗುವುದು ವಿಶ್ವವಿದ್ಯಾಲಯಗಳ ಪಟ್ಟಿ ಮಾಡುವ ದಿನ. ಹೋದ ಮೇಲೆ ಕಾಫಿ ಬಿಟ್ಟು, ಬಸ್ ಬಿಟ್ಟು ಉಳಿಸುವುದು ತಿಂಗಳಿಗೆ 30-40 ಯೂರೋ. ಊರು ಬದಲಾದರೆ ಉಳಿಯುವುದು 300. ರ‍್ಯಾಂಕಿಂಗ್ ನೋಡುವಾಗ ಪಕ್ಕದಲ್ಲೇ ಆ ಊರಿನ ಬಾಡಿಗೆಯನ್ನೂ ಬರೆದುಕೊಳ್ಳಿ.

ಬಾಡಿಗೆಯಲ್ಲಿ ಎರಡು ಬಗೆ ಇದೆ. ಕಾಲ್ಟ್‌ಮೀಟೆ ಅಂದರೆ ಗೋಡೆ-ಸೂರಿನ ಬಾಡಿಗೆ ಮಾತ್ರ. ವಾರ್ಮ್‌ಮೀಟೆ ಅಂದರೆ ಅದರ ಜೊತೆ ಮನೆ ಬಿಸಿ ಮಾಡುವ ಖರ್ಚು, ನೀರು, ಕಸ ಎಲ್ಲ ಸೇರಿದ್ದು. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಬಹಳ ಸಲ ಮೊದಲನೆಯದು. ಇನ್ನೊಂದು ಸೂಕ್ಷ್ಮ ಇದೆ. ವಾರ್ಮ್‌ಮೀಟೆಯಲ್ಲಿ ಬಿಸಿಗಾಗಿ ಕಟ್ಟುವುದು ಅಂದಾಜಿನ ಮುಂಗಡ. ವರ್ಷದ ಕೊನೆಗೆ ನಿಜವಾದ ಬಳಕೆ ಲೆಕ್ಕ ಹಾಕಿ, ಹೆಚ್ಚಾಗಿದ್ದರೆ ಬಾಕಿ ಬಿಲ್ ಕಳಿಸುತ್ತಾರೆ. ಮೇ ತಿಂಗಳಲ್ಲಿ 44 ಡಿಗ್ರಿಯಲ್ಲಿ ಕೂಲರ್ ಬಿಲ್ ನೋಡಿ ಬೆಳೆದ ನಮಗೆ ಬಿಸಿಗೆ ಬಿಲ್ ಬರುತ್ತದೆ ಅನ್ನುವುದೇ ಹೊಳೆಯುವುದಿಲ್ಲ. ಕಿಟಕಿ ಅರ್ಧ ತೆಗೆದಿಟ್ಟು ಹೀಟರ್ ಹಾಕಿ ಮಲಗಿದರೆ ಮುಂದಿನ ವರ್ಷ ಬರುವ ಬಿಲ್ 200 ಯೂರೋ ಆದರೂ ಆಶ್ಚರ್ಯವಿಲ್ಲ.

ಜೊತೆಗೆ ಯಾರೂ ಹೇಳದ ಒಂದು ಖರ್ಚು: ರೇಡಿಯೊ-ಟಿವಿ ಶುಲ್ಕ. ಟಿವಿ ಇರಲಿ ಬಿಡಲಿ, ಪ್ರತಿ ಮನೆಗೆ ತಿಂಗಳಿಗೆ 18.36 ಯೂರೋ. ನಾಲ್ಕು ಜನ ಒಂದೇ ಫ್ಲ್ಯಾಟಿನಲ್ಲಿದ್ದರೆ ಒಂದೇ ಶುಲ್ಕ, ಹಂಚಿಕೊಳ್ಳಬಹುದು. ಪತ್ರ ಬಂದಾಗ ಏನೋ ಜಾಹೀರಾತು ಅಂತ ಮೂಲೆಗೆ ಹಾಕಬೇಡಿ, ಬಾಕಿ ಬೆಳೆಯುತ್ತಾ ಹೋಗುತ್ತದೆ.

ಮೊದಲ ಎರಡು ತಿಂಗಳು ಯಾಕೆ ಕಷ್ಟ?

ಗೇಟಿನಿಂದ ತಿಂಗಳಿಗೆ 992 ಬರುತ್ತದೆ ಸರಿ. ಆದರೆ ಖರ್ಚು ತಿಂಗಳಿಗೆ ಸಮನಾಗಿ ಬರುವುದಿಲ್ಲ, ಶುರುವಿನಲ್ಲೇ ಒಟ್ಟಿಗೆ ಬೀಳುತ್ತದೆ.

ಒಂದು ಮಾದರಿ ಲೆಕ್ಕ ಹಾಕೋಣ. ಸಾಧಾರಣ ಊರು, ಕಾಲ್ಟ್‌ಮೀಟೆ 400, ವಾರ್ಮ್‌ಮೀಟೆ 500. ಮನೆ ಮಾಲೀಕರು ಮೂರು ತಿಂಗಳ ಕಾಲ್ಟ್‌ಮೀಟೆಯವರೆಗೆ ಠೇವಣಿ ಕೇಳಬಹುದು, ಕಾನೂನಿನ ಮಿತಿ ಅಷ್ಟು. ಅದು 1,200. ಎರಡು ತಿಂಗಳ ಬಾಡಿಗೆ 1,000. ರೂಮು ಸಿಗುವವರೆಗೆ ಎರಡು ವಾರ ಪ್ರವಾಸಿಗರ ಹಾಸ್ಟೆಲ್‌ನಲ್ಲಿ ದಿನಕ್ಕೆ 30ರಂತೆ 420. ಬೋಧನಾ ಶುಲ್ಕ ಇಲ್ಲದ ಕಡೆಯೂ ಕಟ್ಟಬೇಕಾದ ಸೆಮಿಸ್ಟರ್ ಶುಲ್ಕ 250 ಅನ್ನೋಣ. ವಿಮೆ ಎರಡು ತಿಂಗಳಿಗೆ 300. ವಾಸದ ಪರವಾನಗಿಗೆ 100. ಹಾಸಿಗೆ, ಪಾತ್ರೆ, ಚಾದರ ಅಂತ 150. ಊಟಕ್ಕೆ 400. ಕೂಡಿದರೆ 3,820 ಯೂರೋ. ಎರಡು ತಿಂಗಳಲ್ಲಿ ಬ್ಲಾಕ್ಡ್ ಅಕೌಂಟ್‌ನಿಂದ ಬರುವುದು 1,984. ನಡುವಿನ ಕೊರತೆ 1,836 ಯೂರೋ, ನಮ್ಮ ದರದಲ್ಲಿ ಒಂದು ಲಕ್ಷ 83 ಸಾವಿರ ಚಿಲ್ಲರೆ.

ಅದೂ ಎಲ್ಲ ಸರಿಯಾಗಿ ನಡೆದರೆ. ಬ್ಲಾಕ್ಡ್ ಅಕೌಂಟ್‌ನ ಹಣ ಬರಬೇಕಾದರೆ ಅಲ್ಲಿ ನಿಮ್ಮ ಹೆಸರಿನ ಸಾಮಾನ್ಯ ಬ್ಯಾಂಕ್ ಖಾತೆ ಬೇಕು. ಖಾತೆ ತೆರೆಯಲು ಬಹಳ ಬ್ಯಾಂಕ್‌ಗಳು ವಿಳಾಸ ನೋಂದಣಿ ಕೇಳುತ್ತವೆ, ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ನೋಂದಣಿಗೆ ಮನೆ ಮಾಲೀಕರು ಸಹಿ ಮಾಡಿದ ಕಾಗದ ಬೇಕು. ಆ ಕಾಗದಕ್ಕೆ ರೂಮು ಬೇಕು. ರೂಮಿಗೆ ಠೇವಣಿ ಬೇಕು. ಠೇವಣಿಗೆ ದುಡ್ಡು ಬೇಕು, ದುಡ್ಡು ಬ್ಲಾಕ್ಡ್ ಅಕೌಂಟ್‌ನಲ್ಲಿದೆ! ಈ ಸುತ್ತು ಬಿಡಿಸಲು ಇರುವ ದಾರಿ ಒಂದೇ. ಬ್ಲಾಕ್ಡ್ ಅಕೌಂಟ್ ಬಿಟ್ಟು ಬೇರೆಯಾಗಿ ಕನಿಷ್ಠ 2,000 ಯೂರೋ, ಸಾಧ್ಯವಾದರೆ 2,500, ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡು) ಹಾಕಿಕೊಂಡು ಹೋಗುವುದು. ನೋಟಿನ ರೂಪದಲ್ಲಿ ಸ್ವಲ್ಪ ಸಾಕು. ಭಾರತದಿಂದ ಹೊರಡುವಾಗ ನೋಟಾಗಿ ಒಯ್ಯಲು ಸಾಮಾನ್ಯವಾಗಿ 3,000 ಡಾಲರ್ ಮಿತಿ ಇದೆ.

ಬ್ರಿಟನ್‌ಗೆ ಹೋಗುವವರಿಗೆ ಪೆಟ್ಟು ಇನ್ನೂ ಮೊದಲೇ ಬೀಳುತ್ತದೆ. ಆರೋಗ್ಯ ಶುಲ್ಕವಾಗಿ ವರ್ಷಕ್ಕೆ 776 ಪೌಂಡ್ ವೀಸಾ ಅರ್ಜಿಯ ಜೊತೆಗೇ ಪೂರ್ತಿ ಕಟ್ಟಬೇಕು. ಒಂದು ವರ್ಷದ ಮಾಸ್ಟರ್ಸ್‌ಗೆ ವೀಸಾ ಸುಮಾರು 16 ತಿಂಗಳದ್ದು, ಆಗ ಒಂದೂವರೆ ವರ್ಷದ ಲೆಕ್ಕ: 1,164 ಪೌಂಡ್, ಸುಮಾರು 1 ಲಕ್ಷ 40 ಸಾವಿರ. ಇದು ವೀಸಾಗೆ ತೋರಿಸುವ ಹಣದೊಳಗೆ ಸೇರುವುದಿಲ್ಲ. ಇಂಗ್ಲೆಂಡ್‌ನಲ್ಲಿ ಮನೆ ಠೇವಣಿ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತದ ಮನೆ ತೆರಿಗೆ, ಇಲ್ಲ, ಆದರೆ ಅದಕ್ಕೆ ವಿಶ್ವವಿದ್ಯಾಲಯದ ಪತ್ರ ತೋರಿಸಬೇಕು.

ರೂಮಿನ ವಿಷಯದಲ್ಲಿ ಒಂದು ಎಚ್ಚರಿಕೆ. "ನಾನು ಈಗ ಬೇರೆ ದೇಶದಲ್ಲಿದ್ದೇನೆ, ಠೇವಣಿ ಹಾಕಿ, ಕೀಲಿ ಪೋಸ್ಟಿನಲ್ಲಿ ಕಳಿಸುತ್ತೇನೆ" ಅನ್ನುವವರಿಗೆ ಒಂದು ಯೂರೋ ಕೂಡ ಹಾಕಬೇಡಿ. ಇದು ಹಳೇ ಮೋಸ, ಪ್ರತಿ ವರ್ಷ ಹೊಸ ಹುಡುಗರು ಸಿಕ್ಕಿಬೀಳುತ್ತಾರೆ. ವಿಶ್ವವಿದ್ಯಾಲಯದ ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ. ಕಾಯುವ ಪಟ್ಟಿ ತಿಂಗಳುಗಟ್ಟಲೆ ಇರುತ್ತದೆ.

ಊಟ, ರೊಟ್ಟಿ ಮತ್ತು ಸೂಟ್‌ಕೇಸ್

ನಿಜವಾಗಿ ಕೈಯಲ್ಲಿ ಹಿಡಿತ ಇರುವ ಖರ್ಚು ಇದೊಂದೇ. ತಿಂಗಳಿಗೆ 200 ಯೂರೋದಲ್ಲಿ ಅಡುಗೆ ಮಾಡಿಕೊಂಡು ತಿನ್ನಬಹುದು, ದಿನವೂ ಹೊರಗೆ ತಿಂದರೆ ಇದೇ 200 ಎರಡು ವಾರಕ್ಕೆ ಮುಗಿಯುತ್ತದೆ. ವಿಶ್ವವಿದ್ಯಾಲಯದ ಮೆನ್ಸಾದಲ್ಲಿ, ಅಂದರೆ ವಿದ್ಯಾರ್ಥಿಗಳ ಊಟದ ಮನೆಯಲ್ಲಿ, ಕಡಿಮೆ ದರಕ್ಕೆ ಮಧ್ಯಾಹ್ನದ ಊಟ ಸಿಗುತ್ತದೆ. ಸಸ್ಯಾಹಾರವೂ ಇರುತ್ತದೆ, ಉಪ್ಪು-ಖಾರ ಮಾತ್ರ ಕೇಳಬೇಡಿ.

ಅಕ್ಕಿ, ಹಾಲು, ಮೊಸರು, ಆಲೂಗಡ್ಡೆ, ಈರುಳ್ಳಿ ಅಲ್ಲಿನ ಅಗ್ಗದ ಸೂಪರ್ ಮಾರ್ಕೆಟ್‌ಗಳಲ್ಲೇ ತೆಗೆದುಕೊಳ್ಳಿ. ಬೇಳೆ, ಕಡಲೆ, ಕೊತ್ತಂಬರಿ, ಮೆಣಸಿನಕಾಯಿಗೆ ಟರ್ಕಿಯವರ ಅಂಗಡಿ ಚೆನ್ನ. ಭಾರತೀಯ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ, ಆದರೆ ದರ ಜಾಸ್ತಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿ ತೊಗರಿ ಬೇಳೆ ತಿಂದು ಬೆಳೆದವರಿಗೆ ಅಲ್ಲಿ ಕೆಂಪು ಮಸೂರ ಬೇಳೆಗೆ ಹೊಂದಿಕೊಳ್ಳುವುದೇ ಅಗ್ಗದ ದಾರಿ. ಅದು ಬೇಗ ಬೇಯುತ್ತದೆ, ಎಲ್ಲ ಕಡೆ ಸಿಗುತ್ತದೆ.

ಊರಿಂದ ಏನು ಒಯ್ಯಬೇಕು? ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಮಸಾಲೆ ಖಾರ, ಅಗಸೆ ಹಿಂಡಿ ಮೊದಲ ತಿಂಗಳು ದುಡ್ಡನ್ನೂ ಜೀವವನ್ನೂ ಉಳಿಸುತ್ತವೆ. ಆದರೆ ತುಪ್ಪ, ಖೋವಾ, ಪೇಡಾ ಕಟ್ಟಿಕೊಡಬೇಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ ಹೋಗುತ್ತದೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಬೇಡವೇ ಬೇಡ. ಆಸ್ಟ್ರೇಲಿಯಾ ಇನ್ನೂ ಬಿಗಿ, ತಿನ್ನುವ ವಸ್ತು ಏನೇ ಇದ್ದರೂ ಫಾರಂನಲ್ಲಿ ಬರೆಯಲೇಬೇಕು, ಮುಚ್ಚಿಟ್ಟರೆ ದಂಡ. ಅವ್ವನಿಗೆ ಇದನ್ನು ಮೊದಲೇ ಹೇಳಿ. ಸಣ್ಣ ಕುಕ್ಕರ್, ಹಂಚು ಒಯ್ಯುವವರು ಇಂಡಕ್ಷನ್ ಒಲೆಗೆ ಆಗುವಂಥ ತಳ ಇದೆಯಾ ನೋಡಿಕೊಳ್ಳಿ. ಗ್ಯಾಸ್ ಒಲೆ ಸಿಗುವುದು ಅಪರೂಪ. ಚಳಿಯ ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ, ಅಲ್ಲಿ ಬಳಸಿದ್ದು ಅರ್ಧ ಬೆಲೆಗಿಂತ ಕಡಿಮೆಗೆ ಸಿಗುತ್ತದೆ ಮತ್ತು ಅಲ್ಲಿನ ಚಳಿಗೆ ಅದೇ ತಡೆಯುತ್ತದೆ.

ನೀರಿನ, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿಗೆ ಜರ್ಮನಿಯಲ್ಲಿ 25 ಸೆಂಟ್ ಠೇವಣಿ ಸೇರಿರುತ್ತದೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಳ್ಳುವ ಅಗತ್ಯವೇ ಇಲ್ಲ.

ಊರಿಂದ ರೊಕ್ಕ ಕಳಿಸುವಾಗ ಎಲ್ಲಿ ಸೋರುತ್ತದೆ?

ಭಾರತದಿಂದ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ರಿಸರ್ವ್ ಬ್ಯಾಂಕಿನ ಈ ವ್ಯವಸ್ಥೆಗೆ ಎಲ್‌ಆರ್‌ಎಸ್ ಅಂತ ಹೆಸರು. ನಮ್ಮಂಥವರಿಗೆ ಆ ಮಿತಿ ತಾಗುವುದೇ ಇಲ್ಲ. ತಾಗುವುದು ಬೇರೆ ಮೂರು.

ಮೊದಲನೆಯದು ದರ. ಮೊಬೈಲಿನಲ್ಲಿ ಹುಡುಕಿದಾಗ ಕಾಣುವ ದರಕ್ಕೆ ಬ್ಯಾಂಕ್ ನಿಮಗೆ ಯೂರೋ ಮಾರುವುದಿಲ್ಲ, ಮೇಲೆ ತನ್ನ ಪಾಲು ಸೇರಿಸುತ್ತದೆ. ಮೊಬೈಲಿನಲ್ಲಿ 100 ಇದ್ದು ಬ್ಯಾಂಕ್ 102 ಹಿಡಿದರೆ 11,904 ಯೂರೋಗೆ 23,808 ರೂಪಾಯಿ ಹೆಚ್ಚು ಹೋಯಿತು. "ಕಮಿಷನ್ ಎಷ್ಟು?" ಅಂತ ಕೇಳಿದರೆ 500 ರೂಪಾಯಿ ಅನ್ನುತ್ತಾರೆ, ಅದು ನಿಜವೂ ಹೌದು. ಆದರೆ ದೊಡ್ಡ ಖರ್ಚು ದರದೊಳಗೆ ಅಡಗಿರುತ್ತದೆ. ಕೇಳಬೇಕಾದ ಪ್ರಶ್ನೆ: "ಇಷ್ಟು ಯೂರೋ ಆ ಖಾತೆಗೆ ಮುಟ್ಟಬೇಕಾದರೆ, ಎಲ್ಲ ಸೇರಿ ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ?" ಮೂರು ಕಡೆ ಕೇಳಿ ಹೋಲಿಸಿ. ತಾಲೂಕಿನ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ಬಹಳ ಸಲ ಅಲ್ಲೇ ಆಗುವುದಿಲ್ಲ, ಕಾಗದ ದೊಡ್ಡ ಶಾಖೆಗೆ ಹೋಗಿ ಬರುತ್ತದೆ. ಔರಾದ್ ಅಥವಾ ಅಫಜಲಪುರದಲ್ಲಿ ಖಾತೆ ಇರುವವರು ಕೊನೇ ದಿನದವರೆಗೆ ಕಾಯಬಾರದು.

ಎರಡನೆಯದು ಟಿಸಿಎಸ್, ಅಂದರೆ ಕಳಿಸುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ. 2025ರ ಏಪ್ರಿಲ್‌ನಿಂದ ಒಬ್ಬರ ಪ್ಯಾನ್ ಮೇಲೆ ವರ್ಷಕ್ಕೆ 10 ಲಕ್ಷದವರೆಗೆ ಇದಿಲ್ಲ. ಅದಕ್ಕಿಂತ ಹೆಚ್ಚಿನ ಭಾಗಕ್ಕೆ, ಓದಿಗಾಗಿ ಕಳಿಸಿದರೆ, ಶೇ 5 ಇತ್ತು. 2026ರ ಬಜೆಟ್ ಅದನ್ನು ಶೇ 2ಕ್ಕೆ ಇಳಿಸಿದೆ. 14 ಲಕ್ಷ ಕಳಿಸಿದರೆ ಮೇಲಿನ 4 ಲಕ್ಷಕ್ಕೆ ಶೇ 2, ಅಂದರೆ 8,000. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಟಿಸಿಎಸ್ ಇಲ್ಲವೇ ಇಲ್ಲ. ಹಿಡಿದ ಹಣ ಕಳೆದುಹೋಗುವುದಿಲ್ಲ, ಆದಾಯ ತೆರಿಗೆ ರಿಟರ್ನ್ ಹಾಕಿದರೆ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ನಮ್ಮ ಕಡೆ ಒಕ್ಕಲುತನದ ಆದಾಯ ಮಾತ್ರ ಇರುವವರು ರಿಟರ್ನ್ ಹಾಕುವ ರೂಢಿಯೇ ಇಟ್ಟುಕೊಂಡಿರುವುದಿಲ್ಲ. ಅವರು ಆ ವರ್ಷ ಹಾಕಲೇಬೇಕು, ಇಲ್ಲದಿದ್ದರೆ ತಮ್ಮದೇ ದುಡ್ಡು ಬಿಟ್ಟಂತೆ. ಮಿತಿ ಪ್ಯಾನ್‌ಗೆ ಒಂದರಂತೆ ಇರುವುದರಿಂದ ತಂದೆ ಒಂದಷ್ಟು, ತಾಯಿ ಒಂದಷ್ಟು ತಮ್ಮ ತಮ್ಮ ಖಾತೆಯಿಂದ ಕಳಿಸಿದರೆ ಇಬ್ಬರಿಗೂ 10 ಲಕ್ಷದ ವಿನಾಯಿತಿ ಬೇರೆ ಬೇರೆ ಸಿಗುತ್ತದೆ. ಕಳಿಸುವ ಕಾರಣ ಬರೆಯುವ ಜಾಗದಲ್ಲಿ ಶಿಕ್ಷಣ ಅಂತಲೇ ಬರೆಸಿ, ಬೇರೆ ಬಹಳಷ್ಟು ಕಾರಣಗಳಿಗೆ ದರ ಹೆಚ್ಚು.

ಮೂರನೆಯದು ಕಾರ್ಡು. ಇಲ್ಲಿನ ಸಾಮಾನ್ಯ ಡೆಬಿಟ್ ಕಾರ್ಡನ್ನು ಅಲ್ಲಿ ಉಜ್ಜಿದರೆ ಬಹಳ ಬ್ಯಾಂಕ್‌ಗಳು ಶೇ 3.5ರವರೆಗೆ ಸೇರಿಸುತ್ತವೆ, ಎಟಿಎಂ ಶುಲ್ಕ ಬೇರೆ. 400 ಯೂರೋ ಖರ್ಚಿಗೆ 14 ಯೂರೋ ಸುಮ್ನೆ ಹೋಗುತ್ತದೆ. ಯಂತ್ರ "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೋದಲ್ಲಾ?" ಅಂತ ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ಅಂಗಡಿಯ ಯಂತ್ರ ತನಗೆ ಬೇಕಾದ ದರ ಹಾಕಿಕೊಳ್ಳುತ್ತದೆ.

ಕೆಲಸ ಮಾಡಿ ಖರ್ಚು ತೂಗಿಸಬಹುದಾ?

ಸ್ವಲ್ಪ ಮಟ್ಟಿಗೆ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ಮಿನಿಜಾಬ್ ಅನ್ನುವ ಸಣ್ಣ ಕೆಲಸಕ್ಕೆ ತಿಂಗಳಿಗೆ 603 ಯೂರೋ ಮಿತಿ, ಅಂದರೆ ವಾರಕ್ಕೆ ಸುಮಾರು ಹತ್ತು ಗಂಟೆ. ಅಷ್ಟು ಸಿಕ್ಕರೆ ಬಾಡಿಗೆ ಹೋಗುತ್ತದೆ. ಬ್ರಿಟನ್, ಐರ್ಲೆಂಡ್‌ನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಕೆನಡಾದಲ್ಲಿ 24, ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48. ಅಮೆರಿಕದಲ್ಲಿ ಕ್ಯಾಂಪಸ್ಸಿನ ಒಳಗೆ ಮಾತ್ರ 20 ಗಂಟೆ, ಹೊರಗಿನ ಪೆಟ್ರೋಲ್ ಬಂಕು, ಹೋಟೆಲು ಎಲ್ಲ ನಿಯಮಕ್ಕೆ ವಿರುದ್ಧ. ಕೈಗೆ ನಗದು ಕೊಟ್ಟು ಕೆಲಸ ಮಾಡಿಸಿಕೊಳ್ಳುವವರು ಎಲ್ಲ ಕಡೆ ಇರುತ್ತಾರೆ, ಸಿಕ್ಕಿಬಿದ್ದರೆ ವೀಸಾ ಹೋಗುವುದು ಅವರದಲ್ಲ.

ಆದರೆ ಮೊದಲ ಮೂರು ನಾಲ್ಕು ತಿಂಗಳು ಕೆಲಸದ ದುಡ್ಡನ್ನು ಲೆಕ್ಕಕ್ಕೇ ಹಿಡಿಯಬೇಡಿ. ತೆರಿಗೆ ಸಂಖ್ಯೆ ಬರಬೇಕು, ಭಾಷೆ ಸ್ವಲ್ಪ ಬರಬೇಕು, ಪರೀಕ್ಷೆ ಹೇಗಿರುತ್ತದೆ ಗೊತ್ತಾಗಬೇಕು. ಎರಡು ಪೇಪರ್ ಉಳಿದು ಇನ್ನೊಂದು ಸೆಮಿಸ್ಟರ್ ಕೂರಬೇಕಾದರೆ ಆರು ತಿಂಗಳಿಗೆ 992ರಂತೆ ಆರು ಲಕ್ಷ ರೂಪಾಯಿ. ಅಷ್ಟು ದುಡಿಯುವ ಮಿನಿಜಾಬ್ ಇಲ್ಲ.

ತೊಗರಿ ಬರುವುದು ಜನವರಿಗೆ, ಫೀ ಕಟ್ಟುವುದು ಆಗಸ್ಟ್‌ಗೆ

ನಮ್ಮ ಭಾಗಕ್ಕೇ ಇರುವ ಸಮಸ್ಯೆ ಇದು. ತೊಗರಿ ಬಿತ್ತುವುದು ಜೂನ್-ಜುಲೈನಲ್ಲಿ. ರಾಶಿಯಾಗಿ ಎಪಿಎಂಸಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಬ್ರಿಟನ್, ಕೆನಡಾದ ಮುಖ್ಯ ಪ್ರವೇಶ ಸೆಪ್ಟೆಂಬರ್‌ಗೆ, ಜರ್ಮನಿಯ ತರಗತಿ ಅಕ್ಟೋಬರ್‌ಗೆ. ಬ್ಲಾಕ್ಡ್ ಅಕೌಂಟ್, ವೀಸಾ ಶುಲ್ಕ, ಟಿಕೆಟ್, ಮೊದಲ ಎರಡು ತಿಂಗಳ ರೊಕ್ಕ ಎಲ್ಲ ಬೇಕಾಗುವುದು ಮೇನಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಬೀಜ-ಗೊಬ್ಬರಕ್ಕೂ ದುಡ್ಡು ಬೇಕಿರುವ, ಕೈ ಪೂರ್ತಿ ಖಾಲಿ ಇರುವ ತಿಂಗಳುಗಳಲ್ಲಿ. ಆಗ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ಮಾಡಿದರೆ ವರ್ಷಕ್ಕೆ ಶೇ 36. ಇದಕ್ಕಿಂತ ಹಿಂದಿನ ಜನವರಿಯ ರಾಶಿ ದುಡ್ಡಿನಲ್ಲೇ ಮುಂದಿನ ಸೆಪ್ಟೆಂಬರ್‌ನ ಪಾಲು ತೆಗೆದಿಡುವುದು ಅಥವಾ ಬೇಸಿಗೆ ಪ್ರವೇಶ ಇರುವ ಕೋರ್ಸ್ ನೋಡುವುದು ಒಳ್ಳೆಯದು. ಜರ್ಮನಿಯ ಕೆಲವು ಕೋರ್ಸ್‌ಗಳು ಏಪ್ರಿಲ್‌ನಲ್ಲೂ ಶುರುವಾಗುತ್ತವೆ, ಬ್ರಿಟನ್‌ನಲ್ಲಿ ಜನವರಿ ಪ್ರವೇಶವೂ ಇದೆ.

ಬ್ಯಾಂಕ್ ಸಾಲ ತೆಗೆಯುವವರಿಗೆ ಎರಡು ಮಾತು. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಏಳೂವರೆ ಲಕ್ಷದ ಮೇಲೆ ಆಸ್ತಿ ಅಡಮಾನ ಕೇಳುತ್ತವೆ. ಕೃಷಿ ಭೂಮಿಯನ್ನು ಬಹಳ ಬ್ಯಾಂಕ್‌ಗಳು ಇದಕ್ಕೆ ಒಪ್ಪುವುದಿಲ್ಲ, ಮನೆ ಅಥವಾ ಪ್ಲಾಟ್ ಕೇಳುತ್ತವೆ, ಹಾಗಾಗಿ ಹೊಲ ಇದೆ ಅನ್ನುವ ಧೈರ್ಯದಲ್ಲಿ ಕೂರಬೇಡಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. 20 ಲಕ್ಷಕ್ಕೆ ಶೇ 10 ಅಂದರೆ ವರ್ಷಕ್ಕೆ 2 ಲಕ್ಷ. ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಭಾರತದೊಳಗಿನ ಕಾಲೇಜುಗಳಿಗೆ ಮಾತ್ರ, ವಿದೇಶಕ್ಕೆ ಹೋಗುವವರು ಅದರ ಬಡ್ಡಿ ರಿಯಾಯಿತಿ ನಂಬಿಕೊಳ್ಳುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ವಿದೇಶದಲ್ಲಿ ಓದಲು ರಾಜ್ಯದ ಪ್ರಬುದ್ಧ ವಿದ್ಯಾರ್ಥಿವೇತನ ಯೋಜನೆ ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ ಬಡ್ಡಿಯಿಲ್ಲದ ವಿದೇಶ ವ್ಯಾಸಂಗ ಸಾಲ ಇದೆ. ಅರ್ಜಿಯ ದಿನಾಂಕ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

ಸಾಲ ಮಂಜೂರಾದ ಪತ್ರದಲ್ಲಿ ಒಟ್ಟು ಮೊತ್ತ ನೋಡಿ ಖುಷಿಪಡುವ ಮೊದಲು ಅದರಲ್ಲಿ ಬದುಕುವ ಖರ್ಚು ಎಷ್ಟು ಅಂತ ಬೇರೆಯಾಗಿ ಬರೆದಿದೆಯಾ ಹುಡುಕಿ. ಫೀ ಆದರೆ ನೇರ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಅದು ಸುಲಭ. ಬದುಕುವ ಖರ್ಚಿನ ಪಾಲನ್ನು ಯಾರ ಖಾತೆಗೆ ಹಾಕುತ್ತಾರೆ, ವರ್ಷಕ್ಕೆ ಒಮ್ಮೆಯೋ ಸೆಮಿಸ್ಟರ್‌ಗೆ ಒಮ್ಮೆಯೋ, ಪ್ರತಿ ಸಲ ಹುಡುಗ ಅಲ್ಲಿಂದ ಯಾವ ಕಾಗದ ಕಳಿಸಬೇಕು, ತಂದೆ-ತಾಯಿ ಶಾಖೆಗೆ ಬಂದು ಸಹಿ ಮಾಡಬೇಕಾ, ಇದನ್ನೆಲ್ಲ ಮ್ಯಾನೇಜರ್ ಹತ್ತಿರ ಬರಹದಲ್ಲೇ ಪಡೆಯಿರಿ. ಬಡ್ಡಿ ಬಿಡುಗಡೆಯಾದ ಹಣಕ್ಕೆ ಮಾತ್ರ ಬೀಳುವುದರಿಂದ ಸೆಮಿಸ್ಟರ್‌ಗೆ ಒಮ್ಮೆ ತೆಗೆದುಕೊಳ್ಳುವುದು ಲಾಭ. ಎರಡನೇ ವರ್ಷದ ಬದುಕುವ ಖರ್ಚನ್ನು ತೋರಿಸಿಯೇ ಜರ್ಮನಿಯಲ್ಲಿ ವಾಸದ ಪರವಾನಗಿ ಮುಂದುವರಿಸಬೇಕಾಗುತ್ತದೆ, ಹಾಗಾಗಿ ಆ ಕಂತಿನ ಅರ್ಜಿಯನ್ನು ಪರವಾನಗಿ ಮುಗಿಯುವ ಮೂರು ತಿಂಗಳು ಮೊದಲೇ ಬ್ಯಾಂಕಿಗೆ ಕೊಟ್ಟಿಡಿ.